ತನ್ನ ದನಿಗಾಗಿ ಕಾದ ಕ್ಲಾಡಿಯಾ

ಸಿನಿಮಾ ನೋಡುವಾಗ ನಾವು ನಟಿಯ ಮುಖ ನೋಡುತ್ತೇವೆ. ಆ ಬಾಯಿಂದ ಹೊರಡುವ ದನಿ ಅವಳದೇ ಹೌದೇ ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನಲ್ಲಿ, ತನ್ನ 87ನೇ ವಯಸ್ಸಿನಲ್ಲಿ ತೀರಿಕೊಂಡ ಇಟಲಿಯ ಖ್ಯಾತ ನಟಿ ಕ್ಲಾಡಿಯಾ ಕಾರ್ಡಿನಾಲೆಯ ಬದುಕು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಇಟಲಿಯ ತಾರೆ ಎಂದು ಲೋಕ ಕೊಂಡಾಡಿದ ಈಕೆ ಹುಟ್ಟಿದ್ದು ಇಟಲಿಯಲ್ಲಲ್ಲ, 1938ರಲ್ಲಿ ಟ್ಯುನೀಷಿಯಾದಲ್ಲಿ. ಸಿಸಿಲಿಯಿಂದ ಸಮುದ್ರ ದಾಟಿ ಬಂದು ಅಲ್ಲಿ ನೆಲೆಸಿದವರ ಕುಟುಂಬ. ಟ್ಯುನಿಸ್ ಪಕ್ಕದ ಬಂದರು ಊರು ಲಾ ಗುಲೆತ್‌ನಲ್ಲಿ ಆಗ ಮುಸ್ಲಿಮರು, ಯಹೂದಿಗಳು, ಕ್ರೈಸ್ತರು ನೆರೆಹೊರೆಯವರಾಗಿ ಬಾಳುತ್ತಿದ್ದರು. ಕ್ಲಾಡಿಯಾ ಬೆಳೆದದ್ದು ಫ್ರೆಂಚ್, ಅರಬಿ ಮತ್ತು ಹೆತ್ತವರ ಸಿಸಿಲಿಯನ್ ಮಾತುಗಳ ನಡುವೆ. ಇಟಾಲಿಯನ್ ಮಾತ್ರ ಸರಿಯಾಗಿ ಬರುತ್ತಿರಲಿಲ್ಲ!

1957ರಲ್ಲಿ ಟ್ಯುನೀಷಿಯಾದ ಅತಿ ಚೆಲುವೆ ಇಟಾಲಿಯನ್ ಹುಡುಗಿ ಎಂಬ ಬಹುಮಾನ ಸಿಕ್ಕಿತು. ಅದರ ಜೊತೆಗೆ ವೆನಿಸ್ ಚಿತ್ರೋತ್ಸವಕ್ಕೆ ಪ್ರವಾಸ. ಅಲ್ಲಿಂದ ಸಿನಿಮಾದ ಬಾಗಿಲು ತೆರೆಯಿತು. ಆದರೆ ಒಡಕು ಗಂಟಲು, ಫ್ರೆಂಚ್ ಬೆರೆತ ಉಚ್ಚಾರ. ಮುಖ ಬೇಕು, ದನಿ ಬೇಡ ಎಂದಿತು ಚಿತ್ರರಂಗ. ವರ್ಷಗಟ್ಟಲೆ ತೆರೆಯ ಮೇಲೆ ಆಕೆಯ ಪಾತ್ರಗಳಿಗೆ ಬೇರೆಯವರು ಮಾತಾಡಿದರು.

ಕಿತ್ತುಕೊಂಡದ್ದು ದನಿಯನ್ನಷ್ಟೇ ಅಲ್ಲ. ಹದಿಹರೆಯದಲ್ಲಿ ಆಕೆಯ ಮೇಲೆ ಅತ್ಯಾಚಾರ ನಡೆದಿತ್ತು. 1958ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಗುಟ್ಟಾಗಿ ಗಂಡುಮಗುವಿನ ಹೆರಿಗೆಯಾಯಿತು. ತಾರೆಯ ಹೆಸರು ಕೆಡದಿರಲೆಂದು ಆ ಮಗುವನ್ನು ಜಗತ್ತಿಗೆ ತಮ್ಮನೆಂದು ಪರಿಚಯಿಸಲಾಯಿತು. ಹಲವು ವರ್ಷ ಆ ಮಗನೂ ಅದನ್ನೇ ನಂಬಿದ್ದ. ಅಪರಾಧ ಒಬ್ಬನದು, ಬಚ್ಚಿಡುವ ಭಾರ ಇನ್ನೊಬ್ಬಳದು. ಇದು ಇಟಲಿಯ ಕಥೆ ಮಾತ್ರ ಎಂದು ಹೇಳುವ ಧೈರ್ಯ ನಮಗಿದೆಯೇ?

1963 ಆಕೆಯ ಬದುಕಿನಲ್ಲಿ ಮರೆಯಲಾಗದ ವರ್ಷ. ವಿಸ್ಕೊಂಟಿಯ 'ದಿ ಲೆಪರ್ಡ್' ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಅದರಲ್ಲಿ ಕ್ಲಾಡಿಯಾಳ ಚೆಲುವಿತ್ತು, ದನಿ ಇರಲಿಲ್ಲ. ಅದೇ ವರ್ಷ ತೆರೆಕಂಡ '8½'ರಲ್ಲಿ ನಿರ್ದೇಶಕ ಫೆಲಿನಿ ಆ ಒಡಕು ದನಿಯನ್ನೇ ಉಳಿಸಿಕೊಂಡರು. ಇಟಲಿಯ ಪ್ರೇಕ್ಷಕರು ಕೊನೆಗೂ ಆಕೆಯ ಮಾತನ್ನು ಆಕೆಯ ಬಾಯಿಂದಲೇ ಕೇಳಿದರು.

ಮುಂದೆ ಮಗನ ಗುಟ್ಟನ್ನೂ ಆಕೆಯೇ ಬಿಚ್ಚಿಟ್ಟಳು. ಕೂದಲು ಕತ್ತರಿಸಿಕೊಳ್ಳಲೂ ಅಪ್ಪಣೆ ಬೇಡುತ್ತಿದ್ದ ನಿರ್ಮಾಪಕರ ಕರಾರಿನಿಂದ ಹೊರಬಂದಳು. ಕ್ಯಾಮೆರಾ ಮುಂದೆ ಬೆತ್ತಲಾಗಲು ತಾನು ಒಪ್ಪಲಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡಳು. 2000ದಲ್ಲಿ ಮಹಿಳೆಯರ ಹಕ್ಕುಗಳಿಗಾಗಿ ಯುನೆಸ್ಕೋದ ಸದ್ಭಾವನಾ ರಾಯಭಾರಿಯಾದಳು.

ಹುಟ್ಟಿದ ನಾಡನ್ನು ಆಕೆ ಮರೆಯಲಿಲ್ಲ. 1996ರಲ್ಲಿ ತೆರೆಕಂಡ ಟ್ಯುನೀಷಿಯಾದ ಫೆರಿದ್ ಬೂಗೆದಿರ್ ಅವರ ಚಿತ್ರ ಲಾ ಗುಲೆತ್‌ನ ಮೂರು ಧರ್ಮಗಳ ನೆರೆಹೊರೆಯದೇ ಕಥೆ. ಅದರಲ್ಲಿ ಕ್ಲಾಡಿಯಾ ಕ್ಲಾಡಿಯಾಳಾಗಿಯೇ ಕಾಣಿಸಿಕೊಂಡಳು. 2022ರಲ್ಲಿ ಆ ಊರು ತನ್ನ ಒಂದು ಬೀದಿಗೆ ಆಕೆಯ ಹೆಸರಿಟ್ಟಿತು.

ಆಕೆಯ ಚೆಲುವಿನ ಬಗ್ಗೆ ಬಂದ ಬರಹಗಳಿಗೆ ಲೆಕ್ಕವಿಲ್ಲ. ನಮಗೆ ದೊಡ್ಡದೆನಿಸುವುದು ಆ ಒಡಕು ಗಂಟಲು. ಅದನ್ನು ಮುಚ್ಚಿಡಲು ಒಂದು ಉದ್ಯಮವೇ ನಿಂತಿತ್ತು. ಕೊನೆಗೆ ಉಳಿದದ್ದು ಅದೇ ದನಿ.