ಬ್ಯಾಡಗಿಯಲ್ಲಿ ಎಲೆ ಓದಿದ್ದು

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಹೊರಳಿತೆಂದರೆ ಬ್ಯಾಡಗಿಯ ಫಲಕ ಹುಡುಕಬೇಕಾಗಿಲ್ಲ, ಮೂಗೇ ಹೇಳುತ್ತದೆ. ಮೊದಲು ಘಾಟು, ಆಮೇಲೆ ಸಾಲಾಗಿ ಸೀನು. ಸಂಕ್ರಾಂತಿ ಕಳೆದ ಸೋಮವಾರ ನಾವು ಇಳಿದಾಗ ಮಾರುಕಟ್ಟೆಯ ಅಂಗಳದ ತುಂಬ ಚೀಲಗಳು. ಬಾಯಿಬಿಚ್ಚಿದ ಚೀಲಗಳಲ್ಲಿ ರಕ್ತಗೆಂಪಿನ ಸುಕ್ಕುಗಾಯಿ. ಉದ್ದಕ್ಕೆ ಸಣಕಲಾಗಿರುವುದು ಕಡ್ಡಿ, ಗಿಡ್ಡವಾಗಿ ದಪ್ಪಗಿರುವುದು ಡಬ್ಬಿ. ಅಂಗಡಿಗಳ ನೆರಳಲ್ಲಿ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ತೊಟ್ಟು ಬಿಡಿಸುತ್ತಿದ್ದರು. ಏಳನೇ ತರಗತಿಯ ನನ್ನ ಮಗಳ ಕೈಯಲ್ಲಿ ಮಾತ್ರ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಬಾಡಿದ ನಾಲ್ಕು ಟೊಂಗೆ.

ಆ ಟೊಂಗೆಗಳಿಗಾಗಿಯೇ ಹುಬ್ಬಳ್ಳಿಯಿಂದ ಇಲ್ಲಿಯವರೆಗೆ ಬಂದದ್ದು. ಶಾಲೆಯಲ್ಲಿ ಪ್ರತಿಯೊಬ್ಬರೂ ಒಂದು ಬೆಳೆ ಬೆಳೆದು ನೋಟುಬುಕ್ಕು ಬರೆಯಬೇಕೆಂದು ಹೇಳಿದ್ದರು. ಚೌತಿಯ ಹೊತ್ತಿಗೆ ಅಡುಗೆಮನೆಯ ಬ್ಯಾಡಗಿ ಮೆಣಸಿನಕಾಯಿ ಒಡೆದು ಬೀಜ ತೆಗೆದು, ಮಾಳಿಗೆಯ ಮೇಲೆ ನಾಲ್ಕು ಕುಂಡ ಮಾಡಿದಳು. ಡಿಸೆಂಬರಿನಲ್ಲಿ ಎಲೆ ಮುದುಡತೊಡಗಿದವು. ನಾನು ಅಪ್ಪನಲ್ಲವೇ, ಸುಮ್ಮನಿರಲಾಗಲಿಲ್ಲ. ಒಂದು ಔಷಧದ ಅಂಗಡಿಗೆ ಹೋಗಿ "ಎಲೆ ಮುದುಡಿದೆ" ಎಂದೆ. ಅಂಗಡಿಯವರು ಯಾವ ಎಲೆ, ಹೇಗೆ ಮುದುಡಿದೆ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೊಟ್ಟ ಬಾಟಲಿ ತಂದು ನಾಲ್ಕಕ್ಕೂ ಹೊಡೆದೆ. ಗಿಡ ಚೇತರಿಸಲೆಂದು ನನ್ನ ಕಡೆಯಿಂದ ಒಂದೊಂದು ಹಿಡಿ ಯೂರಿಯಾ. ಎರಡು ವಾರದಲ್ಲಿ ಮುದುಡು ಹೆಚ್ಚಿತೇ ಹೊರತು ಇಳಿಯಲಿಲ್ಲ. ಮಗಳು ನನ್ನೊಡನೆ ಮಾತು ಬಿಟ್ಟಳು.

ಬ್ಯಾಡಗಿಯಿಂದ ನಾಲ್ಕು ಮೈಲಿಯ ಹಳ್ಳಿಯಲ್ಲಿ ನನ್ನ ಹೆಂಡತಿಯ ಸೋದರಮಾವ ಇದ್ದಾರೆ. ನಲವತ್ತು ವರ್ಷದಿಂದ ಮೆಣಸಿನಕಾಯಿಯನ್ನೇ ನಂಬಿದವರು. ಮಧ್ಯಾಹ್ನ ಅವರ ಎರೆಹೊಲದ ಬದುವಿನ ಮೇಲೆ ಕೂತೆವು. ಗಿಡಗಳಲ್ಲಿ ಕೆಂಪು, ಹಸಿರು ಎರಡೂ ಇತ್ತು. ಡಬ್ಬಿ ತೆರೆದು ನೋಡಿದ ಅಜ್ಜ ಮೊದಲ ಟೊಂಗೆ ಎತ್ತಿಕೊಂಡರು.

"ನೋಡವ್ವಾ, ಎಲಿ ಯಾ ಕಡೆ ಮುದುಡೇತಿ?"

"ಮೇಲಕ್ಕೆ, ದೋಣಿ ಥರ."

"ಹಾಂ. ಈಗ ಇದನ್ನ ನೋಡು."

ಎರಡನೆಯದರ ಎಲೆ ಕೆಳಕ್ಕೆ ಬಾಗಿತ್ತು, ಮಗುಚಿದ ದೋಣಿಯ ಹಾಗೆ. ತೊಟ್ಟು ಮಾತ್ರ ಉದ್ದಕ್ಕೆ ಬೆಳೆದಿತ್ತು. ನಾನು ಎರಡನ್ನೂ ಒಂದೇ ರೋಗವೆಂದು ತಿಳಿದಿದ್ದೆ. ಹೊಲದ ಮಂದಿ ಎರಡಕ್ಕೂ ಮುಟುರು ರೋಗ ಎಂದೇ ಅನ್ನುತ್ತಾರೆ, ಆದರೆ ಮಾಡುವವರು ಬೇರೆ. ಮೇಲಕ್ಕೆ ಮುದುಡಿಸುವುದು ಥ್ರಿಪ್ಸ್ ನುಶಿ. ಕುಡಿಯನ್ನು ಬಿಳಿ ಹಾಳೆಯ ಮೇಲೆ ತಟ್ಟಿದರೆ ಹಳದಿ ಎಳೆಯಂಥ ಹುಳ ಹರಿದಾಡುತ್ತದೆ. ಕೆಳಕ್ಕೆ ಬಾಗಿಸುವುದು ಮೈಟ್ ನುಶಿ. ಅದು ಕೀಟವೇ ಅಲ್ಲ, ಎಂಟು ಕಾಲಿನದು, ಜೇಡದ ಬಳಗ. ಬರಿಗಣ್ಣಿಗೆ ಕಾಣದು, ಮಸೂರ ಬೇಕು. ಕೀಟಕ್ಕೆಂದು ಮಾಡಿದ ಎಷ್ಟೋ ಔಷಧ ಇದನ್ನು ಮುಟ್ಟುವುದಿಲ್ಲ, ಇದನ್ನು ತಿಂದು ಬದುಕುವ ಬಡಪಾಯಿಗಳನ್ನು ಮಾತ್ರ ಕೊಲ್ಲುತ್ತದೆ. ಎರಡನೇ ಕುಂಡದಲ್ಲಿ ನಾನು ಮಾಡಿದ್ದು ಅದನ್ನೇ. ಮೊದಲನೆಯದಕ್ಕೆ ಲೀಟರು ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಚೂರು ಸಾಬೂನು. ಎರಡನೆಯದಕ್ಕೆ ನೀರಿನಲ್ಲಿ ಬೆರೆಯುವ ಗಂಧಕ, ಲೀಟರಿಗೆ 3 ಗ್ರಾಂ. ಉರಿಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ, ಸಂಜೆ ಹೊಡೆಯಬೇಕು.

ಮೂರನೇ ಟೊಂಗೆ ನೋಡಿ ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎಲೆ ಸಣ್ಣದಾಗಿ, ಹಳದಿ ತಿರುಗಿ, ತುದಿಯಲ್ಲಿ ಗೊಂಚಲುಗಟ್ಟಿತ್ತು. "ಇದು ಬಿಳಿನೊಣ ತಂದಿಟ್ಟ ವೈರಸ್ಸು. ಇದಕ್ಕ ಔಷಧ ಇಲ್ಲ ತಂಗಿ, ಕಿತ್ತು ಬಿಡು. ಇಟಗೊಂಡ್ರ ಉಳದವಕೂ ಹತ್ತತೈತಿ." ಮಗಳ ಕಣ್ಣು ತುಂಬಿತು. ಮೊದಲು ಮೊಳೆತ ಬೀಜ ಅದೇ ಕುಂಡದ್ದು.

ಅವಳನ್ನು ಸಮಾಧಾನ ಮಾಡಲೋ ಏನೋ, ಅಜ್ಜ ತಮ್ಮ ಕಥೆ ತೆಗೆದರು. 2021ರಲ್ಲಿ ಹೊಸ ಜಾತಿಯ ಕರಿ ಥ್ರಿಪ್ಸ್ ಬಂತು. ಆಂಧ್ರ, ತೆಲಂಗಾಣ, ನಮ್ಮ ಕಡೆಯ ಹೊಲಗಳಿಗೆಲ್ಲ ನುಗ್ಗಿದ ಈ ಹುಳ ಎಲೆಗಿಂತ ಹೆಚ್ಚಾಗಿ ಹೂವಿನೊಳಗೆ ಕೂರುತ್ತದೆ, ಕಾಯಿ ಕಟ್ಟುವ ಮೊದಲೇ ಹೂ ಉದುರುತ್ತದೆ. ಯಾರು ಯಾವ ಔಷಧ ಹೇಳಿದರೂ ತಂದರು, ಮೂರು ದಿನಕ್ಕೊಮ್ಮೆ ಹೊಡೆದರು. ಬೆಳೆಯೂ ಉಳಿಯಲಿಲ್ಲ, ಕೈಯಲ್ಲಿದ್ದ ರೊಕ್ಕವೂ ಉಳಿಯಲಿಲ್ಲ. "ಹೂವು ಬಿಡಿಸಿ ಒಳಗ ನೋಡಿದ್ದಿಲ್ಲ ನಾ" ಎಂದರು. ಈಗ ಹೊಲದ ಸುತ್ತ ಗೋವಿನಜೋಳದ ಸಾಲು ಹಾಕುತ್ತಾರೆ, ಹಾರಿ ಬರುವ ಹುಳಕ್ಕೆ ತಡೆ. ನಡುನಡುವೆ ನೀಲಿ, ಹಳದಿ ಅಂಟಿನ ಹಾಳೆ. ನೀಲಿಗೆ ಥ್ರಿಪ್ಸ್ ಬರುತ್ತದೆ, ಹಳದಿಗೆ ಬಿಳಿನೊಣ. ಔಷಧ ಹೆಚ್ಚಾದ ಕಾಯಿಯನ್ನು ಹೊರದೇಶದವರು ಪರೀಕ್ಷೆ ಮಾಡಿ ತಿರುಗಿಸುತ್ತಾರೆ ಎಂಬ ಭಯವೂ ಇದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಕಾಯಿ ಇದು. ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣ ತೆಗೆದು ತಿನಿಸಿಗೆ, ತುಟಿರಂಗಿಗೂ ಬಳಸುತ್ತಾರೆ. (ಇಷ್ಟೆಲ್ಲ ನಮ್ಮದೆಂದು ಬೀಗುವ ಈ ಗಿಡ ಪೋರ್ಚುಗೀಸರ ಜೊತೆ ಅಮೆರಿಕದಿಂದ ಬಂದದ್ದು. ನಮ್ಮಲ್ಲಿ ಮೊದಲಿದ್ದದ್ದು ಕಾಳುಮೆಣಸು. ಹೆಸರನ್ನೂ ಅದರಿಂದಲೇ ಸಾಲ ತಂದೆವು.)

ಉಳಿದದ್ದು ನಾಲ್ಕನೇ ಟೊಂಗೆ. ಮುದುಡಿಲ್ಲ, ಚುಕ್ಕೆಯಿಲ್ಲ, ಅಂಗೈಯಗಲದ ಕಡುಹಸಿರು ಎಲೆ. ಆದರೆ ಒಂದು ಹೂವೂ ನಿಂತಿರಲಿಲ್ಲ. ಅಜ್ಜ ಅದನ್ನು ಮೂಗಿನ ಹತ್ತಿರ ಹಿಡಿದು, ನನ್ನ ಕಡೆ ನೋಡಿ ನಕ್ಕರು.

"ಅಳಿಯಂದ್ರ, ಯೂರಿಯಾ ಎಷ್ಟ್ ಹಾಕೀರಿ?"

"ಒಂದು ಹಿಡಿ."

"ಒಂದು ಕುಂಡಕ್ಕ? ನಾವು ಎಕರೆಕ್ಕ ಲೆಕ್ಕ ಹಾಕಿ ಚೆಲ್ತೀವ್ರಿ." ಗಿಡಕ್ಕೆ ಹೊಟ್ಟೆ ತುಂಬಿಹೋಗಿತ್ತು. ಎಲೆಯನ್ನಷ್ಟೇ ಬೆಳೆಸುತ್ತ ಕೂತು ಕಾಯಿಯ ಯೋಚನೆ ಬಿಟ್ಟಿತ್ತು. ಗೊಬ್ಬರ ನಿಲ್ಲಿಸಿ, ಕೆಳಗಿನ ತೂತಿನಿಂದ ಹರಿಯುವಷ್ಟು ನೀರು ಎರಡು ಮೂರು ಸಲ ಕೊಟ್ಟು, ಆಮೇಲೆ ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿ ಎಂದರು.

ಸಂಜೆ ಬಸ್ಸಿನಲ್ಲಿ ಮಗಳು ಕಿಟಕಿಯ ಬೆಳಕಿಗೆ ನೋಟುಬುಕ್ಕು ಹಿಡಿದು ಬರೆಯುತ್ತಿದ್ದಳು. ತಿಂಗಳ ಮೇಲೆ ಮೊದಲ ಬಾರಿಗೆ ನನ್ನ ಭುಜಕ್ಕೆ ಒರಗಿದ್ದಳು. ಇಣುಕಿ ನೋಡಿದೆ. ಮೂರು ಕುಂಡಗಳ ಮುಂದೆ ಥ್ರಿಪ್ಸ್, ಮೈಟ್, ವೈರಸ್ಸು ಎಂದು ಚಿತ್ರಸಹಿತ ಬರೆದಿತ್ತು. ನಾಲ್ಕನೆಯದರ ಮುಂದೆ, ಕಾರಣ ಎಂಬಲ್ಲಿ, ಎರಡೇ ಅಕ್ಷರ: ಅಪ್ಪ.

ಮೂರನೇ ಕುಂಡದ ಗಿಡವನ್ನು ಆ ರಾತ್ರಿಯೇ ಅವಳೇ ಕಿತ್ತಳು. ನಾಲ್ಕನೆಯದು ಫೆಬ್ರುವರಿ ಕೊನೆಗೆ ಆರು ಕಾಯಿ ಬಿಟ್ಟಿತು.