ಲ ಶಾಂಬೋನ್‌ನಿಂದ ಅಕ್ಕನಿಗೆ

ಲ ಶಾಂಬೋನ್, ಫ್ರಾನ್ಸ್
ರಾತ್ರಿ ಹನ್ನೊಂದೂವರೆ

ಅಕ್ಕಾ,

ಸುಖವಾಗಿ ತಲುಪಿದೆವು. ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡಿದ್ದೀನಿ ಅಂತ ಭಾವನಿಗೆ ಹೇಳು. ಸಾವಿರ ಮೀಟರ್ ಹತ್ತಿರದ ಎತ್ತರ, ಗಾಳಿಗೆ ಕಿವಿ ಉದುರಿ ಹೋಗುತ್ತೆ. ನಿನ್ನ ಬಿಪಿ ಮಾತ್ರೆ ಮುಗಿಯೋಕೆ ಮುಂಚೆ ತರಿಸ್ಕೋ.

ನೋಡೋಕೆ ಒಂದು ಕಲ್ಲಿನ ಚರ್ಚು, 2013ರಲ್ಲಿ ತೆರೆದ ಮ್ಯೂಸಿಯಂ, ಅಷ್ಟೇ. ಹಿಟ್ಲರನ ಕಾಲದಲ್ಲಿ ಇಲ್ಲಿನವರೂ ಸುತ್ತಲ ಹಳ್ಳಿಯವರೂ ಸಾವಿರಾರು ಯಹೂದಿಗಳನ್ನು ಮನೆ, ಹಾಸ್ಟೆಲು, ಕೊಟ್ಟಿಗೆಗಳಲ್ಲಿ ಬಚ್ಚಿಟ್ಟರು. ಇವರು ಪ್ರಾಟೆಸ್ಟೆಂಟರು. ರಾಜರ ಕಾಲದಲ್ಲಿ ಇವರ ಹಿರಿಯರೂ ಧರ್ಮಕ್ಕಾಗಿ ಅಡಗಿ ಬದುಕಿದವರೇ. ಪಾದ್ರಿ ಆಂದ್ರೆ ತ್ರೋಕ್ಮೆ ಬಂದೂಕು ಬೇಡ ಅಂದವರು, ಹಾಗಂತ ಸುಮ್ಮನೆ ಕೂತವರಲ್ಲ. ಅವರ ಹೆಸರು ಎಲ್ಲ ಕಡೆ ಇದೆ. ನನ್ನ ತಲೆಯಲ್ಲಿ ಕೂತಿರೋದು ಅವರ ಹೆಂಡತಿ ಮಾಗ್ದಾ. 1943ರ ಫೆಬ್ರವರಿಯಲ್ಲಿ ಗಂಡನನ್ನು ಹಿಡಿಯೋಕೆ ಪೊಲೀಸರು ಬಂದಾಗ ಊಟದ ಹೊತ್ತು. ನೀವೂ ಕೂತ್ಕೊಳ್ಳಿ ಅಂದಳಂತೆ! ಸುದ್ದಿ ತಿಳಿದ ಊರವರು ಚಾಕೊಲೇಟು, ಮೀನಿನ ಡಬ್ಬಿ, ಮೇಣದಬತ್ತಿ ತಂದರು. ಬೆಂಕಿಪೊಟ್ಟಣ ಮರೆತಿದ್ದರು, ಪೊಲೀಸ್ ಅಧಿಕಾರಿಯೇ ಜೇಬಿನಿಂದ ತೆಗೆದು ಕೊಟ್ಟನಂತೆ. ಅಂಥ ರೇಷನ್ ಕಾಲದಲ್ಲಿ ಇಷ್ಟು ಹೊಟ್ಟೆಗಳಿಗೆ ಅವಳು ಹೇಗೆ ಹೊಂದಿಸಿದಳೋ! ಸುಳ್ಳು ಗುರುತಿನ ಚೀಟಿ, ರೇಷನ್ ಕಾರ್ಡ್ ಬರೀತಿದ್ದವನು ಆಸ್ಕರ್ ರೋಸೋವ್ಸ್ಕಿ ಅಂತ ಇಪ್ಪತ್ತರ ಹುಡುಗ, ತಾನೂ ಯಹೂದಿ, ಮುಂದೆ ಡಾಕ್ಟರಾದ. ಎಲ್ಲರೂ ಉಳಿಯಲಿಲ್ಲ. ಪಾದ್ರಿಯ ನೆಂಟ ದಾನಿಯೆಲ್, ಮೇಷ್ಟ್ರು. ತನ್ನ ವಿದ್ಯಾರ್ಥಿಗಳನ್ನು ಹಿಡಿದಾಗ ಓಡಿಹೋಗದೆ ಅವರ ಜೊತೆ ನಿಂತ; 1944ರಲ್ಲಿ ಮೈದಾನೆಕ್ ಶಿಬಿರದಲ್ಲಿ ಸತ್ತ.

ಇವತ್ತಿನ ಊಟ ಕೇಳು. ನಾವಿಳಿದ ಮನೆಯಾಕೆ ಹಂದಿಮಾಂಸ ಹಾಕಿ ಕಾಳಿನ ಸಾರು ಮಾಡಿಟ್ಟಿದ್ದಳು. ನಾವು ತಿನ್ನಲ್ಲ ಅಂತ ಜೊತೆಗಿದ್ದ ಪುಟ್ಟಿ ಹೇಳಿದ್ದೇ ತಡ, ಒಂದು ಮಾತಾಡದೆ ಬೇರೆ ಪಾತ್ರೆ ಇಟ್ಟಳು. ಹತ್ತಿರದ ಲ ಪ್ವಿ ಊರಿನ ಕಾಳು, ಕಡು ಹಸಿರು, ಎಷ್ಟು ಬೆಂದರೂ ಮುದ್ದೆಯಾಗಲ್ಲ. ಕ್ಯಾರೆಟ್, ಈರುಳ್ಳಿ, ಒಂದು ಎಲೆ; ಒಗ್ಗರಣೆ ಇಲ್ಲ, ಖಾರ ಇಲ್ಲ. ನಾನು ನಿನ್ನ ಚಟ್ನಿಪುಡಿ ಉದುರಿಸಿಕೊಂಡೆ. ಅವಳೂ ಚೂರು ಬಾಯಿಗೆ ಹಾಕಿ ಕಣ್ಣಲ್ಲಿ ನೀರು ತಂದುಕೊಂಡು ಮತ್ತೆ ಕೈಯೊಡ್ಡಿದಳು. ಪೊಟ್ಟಣ ಅಲ್ಲೇ ಬಿಟ್ಟೆ, ಬೈಯಬೇಡ.

ಮಹಡಿ ಮನೆ ವಿಷಯ ಕೇಳಿದ್ದೆಯಲ್ಲ. ಬಾಡಿಗೆಗೆ ಕೇಳ್ತಿರೋ ಆ ಹುಡುಗರು ಯಾವ ಜನ ಅಂತ ಭಾವ ವಿಚಾರಿಸ್ತಿದ್ದಾರಂತೆ. ಬಾಡಿಗೆ ಸರಿಯಾಗಿ ಕೊಡ್ತಾರಾ ಅಂತಷ್ಟೇ ಕೇಳೋಕೆ ಹೇಳು. ಅಡ್ವಾನ್ಸ್ ಮಾತ್ರ ಬಿಡಬೇಡಿ, ಆಮೇಲೆ ಆ ಬಚ್ಚಲ ನಲ್ಲಿ ಸೋರ್ತಿತ್ತಲ್ಲ, ಪ್ಲಂಬರ್‌ಗೆ ನಾನು ಆಗಲೇ ದುಡ್ಡು ಕೊಟ್ಟಿದ್ದೀನಿ.