ತಿಕ್ಕದೆ ಬಿಟ್ಟ ಕಪ್ಪು

ಪಾತ್ರೆಯ ಮಾನ ಹೊಳಪಿನಲ್ಲಿದೆ ಎಂದು ನಂಬಿದ ಸಂಸಾರಗಳು ನಮ್ಮವು. ಹಿತ್ತಾಳೆ ಕೊಳಗಕ್ಕೆ ಹುಣಸೆಹಣ್ಣು, ಕಂಚಿಗೆ ಒಲೆಯ ಬೂದಿ, ಸ್ಟೀಲಿಗೆ ಸಬೀನಾ. ತಿಕ್ಕಿ, ತೊಳೆದು, ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಬೋರಲು ಹಾಕಿದ ಪಾತ್ರೆಗಳ ಸಾಲು ನೋಡಿ ಆ ಮನೆಯ ಹೆಂಗಸರಿಗೆ ಅಂಕ ಹಾಕುವವರಿದ್ದರು. ಗಂಡಸರಿಗೆ ಅಂಕ ಹಾಕುವಂಥದ್ದು ಹಿತ್ತಲಲ್ಲಿ ಏನೂ ಇರುತ್ತಿರಲಿಲ್ಲ, ಅದು ಬೇರೆ ಮಾತು. ಇಂಥ ಮನೆಗೆ ಕೇಕಿನ ಟಿನ್ನು ತೀರ ಈಚೆಗೆ ಬಂದ ಸೊಸೆ. ಅದರ ಸ್ವಭಾವ ಏನೆಂದು ಯಾರಿಗೂ ಗೊತ್ತಿಲ್ಲ. ತಿದ್ದುವ ಉತ್ಸಾಹ ಮಾತ್ರ ಎಲ್ಲರಿಗೂ.

ಕೇಕು ಟಿನ್ನಿಗಿಂತ ಹಳಬ. ಪ್ರೆಶರ್ ಕುಕ್ಕರಿನ ತಳಕ್ಕೆ ಮರಳೋ ಉಪ್ಪೋ ಹರಡಿ, ಗ್ಯಾಸ್ಕೆಟ್ಟು, ವೆಯ್ಟು ಎರಡನ್ನೂ ತೆಗೆದಿಟ್ಟು, ಒಳಗೊಂದು ಅಲ್ಯೂಮಿನಿಯಂ ಡಬರಿ ಕೂರಿಸಿ ಕೇಕು ಮಾಡಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಮಾರನೆಯ ದಿನ ಆ ಡಬರಿ ಮತ್ತೆ ಅನ್ನಕ್ಕೋ ಹಾಲಿಗೋ ಹೋಗುತ್ತಿತ್ತು. ಕೇಕಿಗೆಂದೇ ಪಾತ್ರೆ ಬಂದದ್ದು ಓಟಿಜಿ ಕಟ್ಟೆಯ ಮೇಲೆ ಬಂದು ಕೂತ ಮೇಲೆ. ಅಂಗಡಿಯಿಂದ ಬಂದಾಗ ಬೆಳ್ಳಿಯ ಹಾಗಿದ್ದ ಟಿನ್ನಿನ ಮೂಲೆಗಳಲ್ಲಿ ಕೆಲವೇ ಬಾರಿಗೆ ಜೇನುಬಣ್ಣದ ಕಲೆ ಕಾಣಿಸುತ್ತದೆ. ಆಮೇಲೆ ಕಂದು, ಆಮೇಲೆ ಕಪ್ಪು. "ಅಮ್ಮಾ, ಎಷ್ಟು ತಿಕ್ಕಿದ್ರೂ ಹೋಗ್ತಿಲ್ಲ ಇದು," ಎಂದು ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಸ್ಟೀಲ್ ಸ್ಕ್ರಬ್ಬರನ್ನು ತೋಳೇರಿಸಿಕೊಂಡು ಹಿಡಿಯುತ್ತಾಳೆ. ಬಿಡು ಎಂದರೆ ಅವಳಿಗೆ ಅವಮಾನ.

ಆ ಕಲೆ ಕೊಳೆಯಲ್ಲ, ಎಣ್ಣೆ. ಟಿನ್ನಿಗೆ ಸವರಿದ ಎಣ್ಣೆ ಓವನ್ನಿನ ಕಾವಿನಲ್ಲಿ ಗಾಳಿಯ ಆಮ್ಲಜನಕದ ಜೊತೆ ಸೇರಿ, ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಕೊನೆಗೆ ಗಟ್ಟಿ ಪೊರೆಯಾಗಿ ಲೋಹಕ್ಕೆ ಕಚ್ಚುತ್ತದೆ. ಎಲ್ಲ ಎಣ್ಣೆಯೂ ಒಂದೇ ವೇಗದಲ್ಲಿ ಹೀಗಾಗುವುದಿಲ್ಲ. ಅಗಸೆ ಎಣ್ಣೆ ಬಹಳ ಬೇಗ. ಚಿತ್ರಕಾರರು ಬಣ್ಣ ಕಲಸುವುದಕ್ಕೂ ಕ್ರಿಕೆಟ್ ಬ್ಯಾಟಿಗೆ ಸವರುವುದಕ್ಕೂ ಅದನ್ನು ಬಳಸುವುದು ಈ ಗುಣಕ್ಕಾಗಿಯೇ. ಉತ್ತರ ಕರ್ನಾಟಕದ ಕುಸುಬೆ ಎಣ್ಣೆಯೂ ಅದೇ ಜಾತಿ. ತೆಂಗಿನೆಣ್ಣೆ ತೀರ ಸೋಮಾರಿ. ಈ ಪೊರೆಗೆ ಒಂದು ಹದಿಹರೆಯವೂ ಉಂಟು: ಅತ್ತ ಎಣ್ಣೆಯೂ ಅಲ್ಲದ, ಇತ್ತ ಪೊರೆಯೂ ಆಗದ, ಮುಟ್ಟಿದರೆ ಬೆರಳಿಗೆ ಅಂಟುವ ಜಿಗುಟು. ತಿಕ್ಕಲೇಬೇಕು ಎನ್ನುವವರು ತಿಕ್ಕಬೇಕಾದದ್ದು ಇದನ್ನು. ಕೇಕು ತೆಗೆದ ಅದೇ ದಿನ ಬಿಸಿನೀರು, ಸೋಪು, ತೆಂಗಿನ ನಾರು ಇದ್ದರೆ ಸಾಕು. ವಾರ ಬಿಟ್ಟು, ಅದರ ಮೇಲೆ ಇನ್ನೊಂದು ಕೇಕು ಬೇಯಿಸಿದರೆ ಆಮೇಲೆ ಅದು ಯಾರ ಮಾತೂ ಕೇಳದು.

ನಮ್ಮತ್ತೆಗೆ ಇದನ್ನು ಒಪ್ಪಿಸಲು ರಸಾಯನಶಾಸ್ತ್ರ ನೆರವಿಗೆ ಬರಲಿಲ್ಲ, ದೋಸೆ ಕಾವಲಿ ಬಂದಿತು. ಅವರ ಕಬ್ಬಿಣದ ಕಾವಲಿಗೆ ಸೋಪು ಮುಟ್ಟಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಬೇಕು, ಅಷ್ಟೇ. "ಕಾವಲಿಯ ಕಪ್ಪು ಯಾಕೆ ಬಿಡ್ತೀರಿ ಅತ್ತೆ?" ಎಂದರೆ, "ಅದು ಹೋದ್ರೆ ದೋಸೆ ಏಳತ್ತೇನೇ?" ಎಂದರು. ಟಿನ್ನಿನದೂ ಅದೇ ಕಪ್ಪು ಎಂದೆ. ಅವರು ಒಪ್ಪಿದರು ಎನ್ನಲಾರೆ. ತಿಕ್ಕುವುದನ್ನು ಮಾತ್ರ ಬಿಟ್ಟರು.

ಈ ಸತ್ಯ ಬೇಕರಿಯವರಿಗೆ ಎಂದೋ ಗೊತ್ತಿತ್ತು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾಯಿತೆನ್ನುವ ಬಿ.ಬಿ. ಬೇಕರಿಯಿಂದ ಹಿಡಿದು ಇಂದು ಊರೂರಿಗೂ ಹಬ್ಬಿರುವ ಅಯ್ಯಂಗಾರ್ ಬೇಕರಿಗಳವರೆಗೆ, ಯಾವುದಾದರೂ ಹಳೆಯ ಬೇಕರಿಯ ಹಿಂಬದಿಗೆ ಹೋಗಿ ನೋಡಿ: ಬ್ರೆಡ್ಡಿನ ಟಿನ್ನುಗಳು ಕರಿ ಹಲಗೆಗಿಂತ ಕಪ್ಪಗಿರುತ್ತವೆ. ಅವುಗಳಿಗೆ ಸೋಪಿಲ್ಲ, ನೀರಿಲ್ಲ. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಒರೆಸಿ, ಮತ್ತೆ ಎಣ್ಣೆ ಸವರಿ, ಮತ್ತೆ ಹಿಟ್ಟು. ಹೊಸ ಟಿನ್ನು ಬಂದರೆ ಎಣ್ಣೆ ಹಚ್ಚಿ ಬರಿದಾಗಿಯೇ ಓವನ್ನಿಗೆ ಹಾಕಿ ಸುಡುತ್ತಾರೆ. ಅಂಟದಿರಲಿ ಎಂಬುದು ಒಂದು ಕಾರಣ. ಬಣ್ಣ ಇನ್ನೊಂದು. ಹೊಳೆಯುವ ಲೋಹ ಕಾವನ್ನು ಕನ್ನಡಿಯ ಹಾಗೆ ಹಿಂದಕ್ಕೆ ಅಟ್ಟುತ್ತದೆ, ಕಪ್ಪು ಲೋಹ ಹೀರುತ್ತದೆ. ಬಿಳಿ ಟಿನ್ನಿನ ಬ್ರೆಡ್ಡಿನ ಪಕ್ಕೆಗಳು ಕಾಯಿಲೆಯವರ ಕೆನ್ನೆಯಂತೆ ಪೇಲವ.

ಹಾಗೆಂದು ಕಪ್ಪೆಲ್ಲ ಪೂಜ್ಯವೇನಲ್ಲ. ಸಕ್ಕರೆ ಜಾಸ್ತಿ ಇರುವ ಕೇಕು, ಬಿಸ್ಕತ್ತುಗಳಿಗೆ ಹೊಳೆಯುವ ತಟ್ಟೆಯೇ ಮೇಲು. ಕಪ್ಪು ಟಿನ್ನಿನಲ್ಲಿ ನಡುಭಾಗ ಬೇಯುವ ಮೊದಲೇ ಅಂಚು ಸೀಯುತ್ತದೆ. ಕಪ್ಪು ಟಿನ್ನೇ ಗತಿ ಎಂದಾದರೆ 180 ಡಿಗ್ರಿಯ ಬದಲು 165ಕ್ಕೆ ಇಳಿಸಿದರೆ ಸರಿಹೋಗುತ್ತದೆ. ಇನ್ನು ಸಕ್ಕರೆಯ ಪಾಕವೋ ಜಾಮೋ ಉಕ್ಕಿ ಹತ್ತಿದ ಕರಿಯಂತೂ ಎಣ್ಣೆಯ ಕರಿಯಲ್ಲವೇ ಅಲ್ಲ. ಪೂರ್ತಿ ಇದ್ದಿಲಾಗದ ಸಕ್ಕರೆ ನೀರಿಗೆ ಕರಗುತ್ತದೆ. ಕುದಿನೀರು ಹೊಯ್ದು, ಕಾಫಿ ಕುಡಿದು, ಪೇಪರು ಓದಿ ಮುಗಿಸಿ ಬಂದರೆ ಅದು ತಾನಾಗಿಯೇ ಬಿಟ್ಟಿರುತ್ತದೆ. ತಿಕ್ಕುವವರಿಗೆ ಈ ಮದ್ದು ಹಿಡಿಸದು, ಏಕೆಂದರೆ ಇದರಲ್ಲಿ ದುಡಿಮೆ ಕಾಣುವುದಿಲ್ಲ.

ಮನೆಮದ್ದುಗಳ ಪೈಕಿ ಬಹಳ ಹೆಸರು ಮಾಡಿದ್ದು ಅಡುಗೆ ಸೋಡಾ ಮತ್ತು ವಿನಿಗರ್. ಸೋಡಾ ಉದುರಿಸಿ ವಿನಿಗರ್ ಸುರಿದರೆ ಬುಸ್ಸೆಂದು ನೊರೆ ಏಳುತ್ತದೆ, ಏನೋ ಮಹತ್ತರವಾದದ್ದು ನಡೆಯುತ್ತಿದೆ ಅನ್ನಿಸುತ್ತದೆ. ನಡೆಯುವುದಿಷ್ಟೆ: ಕ್ಷಾರ ಆಮ್ಲವನ್ನು ತಿಂದಿತು, ಆಮ್ಲ ಕ್ಷಾರವನ್ನು ತಿಂದಿತು, ಉಳಿದದ್ದು ಒಂದಿಷ್ಟು ಉಪ್ಪುನೀರು. ಬೇರೆ ಬೇರೆಯಾಗಿ ಹಾಕಿದ್ದರೆ ಇಬ್ಬರೂ ಕೆಲಸಕ್ಕೆ ಬರುತ್ತಿದ್ದರು. ಅಲ್ಯೂಮಿನಿಯಮ್ಮಿಗಂತೂ ಸೋಡಾ ಹಾಕಿ ಕುದಿಸಲೇಬಾರದು. ಕುದಿಯುವ ನೀರಿನಲ್ಲಿ ಅಡುಗೆ ಸೋಡಾ ಬಟ್ಟೆ ಒಗೆಯುವ ಸೋಡಾ ಆಗಿ ಮಾರ್ಪಡುತ್ತ ಹೋಗುತ್ತದೆ. ಅಲ್ಯೂಮಿನಿಯಮ್ಮನ್ನು ಕಾಯುವ ತೆಳ್ಳನೆಯ ಆಕ್ಸೈಡ್ ಕವಚವನ್ನು ಅದು ಕರಗಿಸುತ್ತದೆ. ಟಿನ್ನು ಬೂದುಗಪ್ಪಾಗಿ, ಒರೆಸಿದ ಬಟ್ಟೆಗೆಲ್ಲ ಮಸಿ ಹತ್ತುತ್ತದೆ. ಡಿಶ್‌ವಾಷರಿಗೆ ಹಾಕಿದ ಟಿನ್ನು ಮಂಕಾಗುವುದೂ ಅದರ ಪುಡಿಯ ಕ್ಷಾರದಿಂದಲೇ. ಹೀಗೆ ಮಂಕಾದದ್ದಕ್ಕೆ ಹುಣಸೆನೀರು ಕುದಿಸಿದರೆ ಮತ್ತೆ ಬೆಳ್ಳಗಾಗುತ್ತದೆ, ನಿಜ. ಆದರೆ ಆ ಹೊಳಪಿಗೆ ಲೋಹದ ಮೇಲ್ಪದರವನ್ನೂ ಒಂದಿಷ್ಟು ತೆತ್ತಿರುತ್ತೇವೆ. ವರ್ಷಕ್ಕೊಮ್ಮೆ ಸಾಕು.

ತಗಡಿನ ಅಚ್ಚುಗಳದು ಇನ್ನೂ ನಾಜೂಕು ಸಂಸಾರ. ಅವು ಕಬ್ಬಿಣದ ಹಾಳೆಯ ಮೇಲೆ ತವರ ಬಳಿದವು; ಬೀದಿಗೆ ಬಂದು ನವಸಾಗರದ ಹೊಗೆ ಎಬ್ಬಿಸುತ್ತಿದ್ದ ಕಲಾಯಿಯವರು ಹಿತ್ತಾಳೆ ಪಾತ್ರೆಯ ಒಳಗೆ ಬಳಿಯುತ್ತಿದ್ದ ಅದೇ ತವರ. 232 ಡಿಗ್ರಿಗೆ ಅದು ಕರಗುತ್ತದೆ. ಸ್ಟೀಲ್ ಸ್ಕ್ರಬ್ಬರಿಗೆ ಅಷ್ಟು ಕಾವೂ ಬೇಡ, ನಾಲ್ಕು ಬಾರಿ ಎಳೆದರೆ ತವರ ಹೋಗಿ, ಗೀರು ಬಿದ್ದಲ್ಲೆಲ್ಲ ಮರುದಿನ ತುಕ್ಕು. ನಾನ್‌ಸ್ಟಿಕ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 1938ರಲ್ಲಿ ರಾಯ್ ಪ್ಲಂಕೆಟ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ಫ್ರಿಜ್ಜಿನ ಅನಿಲ ಹುಡುಕುತ್ತಿದ್ದಾಗ ಸಿಲಿಂಡರಿನೊಳಗೆ ಸಿಕ್ಕ ಬಿಳಿ ಪುಡಿಯ ಲೇಪ ಅದು. ಅದಕ್ಕೆ ಮೆತ್ತನೆಯ ಸ್ಪಂಜು, ಮರದ ಚಮಚ. ಗೀರು ಬಿದ್ದು ಪದರ ಏಳತೊಡಗಿದರೆ ಕೊತ್ತಂಬರಿ ಬಿತ್ತಲು ಬಾಲ್ಕನಿಗೆ ಕಳಿಸಿ.

ತೊಳೆಯುವುದಕ್ಕಿಂತ ಒಣಗಿಸುವುದರಲ್ಲೇ ಟಿನ್ನಿನ ಆಯುಸ್ಸು ಇದೆ ಎಂದು ನನ್ನ ಅನಿಸಿಕೆ. ಬಿಸಿ ತಟ್ಟೆಯನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದರೆ ಅದು ಸೊಟ್ಟಗಾಗುತ್ತದೆ, ಆಮೇಲೆ ಎಷ್ಟು ಹದವಾಗಿ ಕಲಸಿದರೂ ಕೇಕು ಒಂದು ಕಡೆಗೇ ವಾಲುತ್ತದೆ. ಮಡಿಸಿದ ಅಂಚಿನೊಳಗೆ ಬಟ್ಟೆ ಹೋಗುವುದಿಲ್ಲ, ನೀರು ಹೋಗುತ್ತದೆ. ಆರಿಸಿದ ಓವನ್ನಿನಲ್ಲಿ ಇನ್ನೂ ಬಿಸುಪು ಇರುವಾಗಲೇ ತೊಳೆದ ಟಿನ್ನನ್ನು ಒಳಗಿಟ್ಟರೆ ಆ ಸಂದಿಯೂ ಒಣಗುತ್ತದೆ.

ಒಣಗಿದ ಮೇಲೆ ಅದು ಅಲ್ಲೇ ಉಳಿಯುತ್ತದೆ. ನಮ್ಮ ಫ್ಲ್ಯಾಟುಗಳಲ್ಲಿ ಟಿನ್ನುಗಳ ಖಾಯಂ ವಿಳಾಸ ಓವನ್ನಿನ ಹೊಟ್ಟೆಯೇ. ಒಂದರೊಳಗೊಂದು ಕೂತ ಟಿನ್ನುಗಳ ಮೇಲೆ ಬಟರ್ ಪೇಪರಿನ ಸುರುಳಿ, ಪಕ್ಕದಲ್ಲಿ ಮಳೆಗಾಲಕ್ಕೆ ಮೆತ್ತಗಾಗದಿರಲೆಂದು ಅತ್ತೆ ತಂದಿಟ್ಟ ಹಪ್ಪಳದ ಪ್ಲಾಸ್ಟಿಕ್ ಡಬ್ಬಿ. ಹುಟ್ಟುಹಬ್ಬದ ಸಂಜೆ ಅವಸರದಲ್ಲಿ ಗುಂಡಿ ತಿರುಗಿಸುವ ಮುಂಚೆ ಒಮ್ಮೆ ಬಾಗಿಲು ತೆಗೆದು ನೋಡುವುದು ಒಳ್ಳೆಯದು. ಟಿನ್ನಿನ ಮೇಲೆ ಕರಗಿದ ಪ್ಲಾಸ್ಟಿಕ್ಕಿಗೆ ಸೋಡಾನೂ ಇಲ್ಲ, ಹುಣಸೆಹಣ್ಣೂ ಇಲ್ಲ.